ಮುಂದಿನ ಪೋರ್ಟ್

ಕಂಪ್ಯೂಟರಿನಲ್ಲಿ ಉಪಯೋಗಿಸದ ಪೋರ್ಟನ್ನು ಮುಚ್ಚಿಬಿಡಬೇಕು. ಮುಚ್ಚಿದ ಮೇಲೆ, ಯಾರು ಅತ್ತರೂ ತೆರೆಯಬಾರದು. ನನ್ನ ಸೋದರತ್ತೆಯ ಮನೆಯಲ್ಲಿ ಈ ನಿಯಮವನ್ನು ಎಲ್ಲರೂ ಮುರಿದರು. ಒಬ್ಬಳನ್ನು ಬಿಟ್ಟು.

ದೆವ್ವ ಗಿವ್ವ ಎಂದು ಮಾತಾಡುವವನಲ್ಲ ನಾನು. ಆದರೆ ಇದನ್ನು ಹೇಳಿದವಳು ಅತ್ತೆಯ ಮಗಳು. ಆಸ್ಪತ್ರೆಯಲ್ಲಿ ನರ್ಸ್. ಜ್ವರ ನೂರಿದ್ದರೆ ನೂರೊಂದು ಎಂದು ಬರೆಯುವವಳಲ್ಲ.

ಅವಳ ತಮ್ಮ ಫೋಟೊಗ್ರಾಫರ್ ಆಗಿದ್ದ. ರಾತ್ರಿ ಮನೆಗೆ ಬಂದವನು ಶೂ ಬಿಚ್ಚುವುದಕ್ಕೂ ಮೊದಲು ಪೆನ್‌ಡ್ರೈವನ್ನು ಕಂಪ್ಯೂಟರಿನ ಮುಂದಿನ ಪೋರ್ಟಿಗೆ ಹಾಕುತ್ತಿದ್ದ. ಟು-ಡಿಂ... ಸದ್ದು ತಗ್ಗಿನಿಂದ ಮೇಲಕ್ಕೆ. ಅದು ಕೇಳಿದ ಮೇಲೇ ಅತ್ತೆ ತಟ್ಟೆ ಇಡುತ್ತಿದ್ದದ್ದು. ಕೆಲಸ ಮುಗಿದಾಗ ಸುಮ್ಮನೆ ಕೀಳುತ್ತಿರಲಿಲ್ಲ; ತೆಗೆಯುತ್ತೇನೆಂದು ಕಂಪ್ಯೂಟರಿಗೆ ತಿಳಿಸಿ, ಡಿಂ-ಟು ಎಂದು ಸದ್ದು ಇಳಿದ ಮೇಲೇ ತೆಗೆಯುತ್ತಿದ್ದ. ಆ ವಿಷಯದಲ್ಲಿ ಅಕ್ಕನಿಗೂ ಬೈಯುತ್ತಿದ್ದ.

ಬೈಕಿನಿಂದ ಬಿದ್ದು ಅವನು ಹೋದ. ಆ ಪೋರ್ಟನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಕೆಲವು ವಾರ ಕಳೆದಿರಬೇಕು. ಮಾವ ಎಂದಿನಂತೆ ಕಂಪ್ಯೂಟರ್ ಆರಿಸದೆ ಮಲಗಿದ್ದರು. ಮನೆಯೆಲ್ಲ ನಿಶ್ಶಬ್ದ...

ಟು-ಡಿಂ.

ಪೋರ್ಟಿನಲ್ಲಿ ಏನೂ ಇರಲಿಲ್ಲ. ಮರುದಿನವೂ ಹಾಗೇ. ರಿಪೇರಿಯವನನ್ನು ಕರೆಸಿದರು. ಬಾಯಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡಿರುವುದರಿಂದ ಅವನ ಹೆಸರೇ ಸ್ಕ್ರೂ.

"ದೆವ್ವ ಅಲ್ಲ ಸಾರ್, ಧೂಳು. ಒಳಗೆ ಶಾರ್ಟ್ ಆಗ್ತಿದೆ. ಉಪಯೋಗಿಸದೇ ಇರೋದನ್ನ ಯಾಕೆ ತೆರೆದಿಡ್ತೀರಿ?" ಎಂದು ಸೆಟ್ಟಿಂಗ್ಸಿಗೆ ಹೋಗಿ ಪೋರ್ಟನ್ನು ಡಿಸೇಬಲ್ ಮಾಡಿದ.

ಸದ್ದು ನಿಂತಿತು. ಮಗನೇ ಬಂದನೆಂದುಕೊಳ್ಳುತ್ತಿದ್ದವರಿಗೆ ನಿಂತದ್ದೇ ಕಷ್ಟವಾಯಿತು. ಅವನು ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿಕೊಂಡಿದ್ದ ಮಾವ, ಎರಡು ರಾತ್ರಿ ನಿದ್ದೆಗೆಟ್ಟು, ತಾವೇ ಮತ್ತೆ ತೆರೆದರು. ಮಗಳು ಸ್ಕ್ರೂನನ್ನು ಕರೆಸಿ ಮುಚ್ಚಿಸಿದಳು. ಅತ್ತೆ ಅವನ ಕೈ ಹಿಡಿದು ಅತ್ತರು. ಅವನೂ ತೆರೆದುಕೊಟ್ಟು ಹೋದ. "ಹೋಗ್ಲಿ ಬಿಡಿ ಸಿಸ್ಟರ್, ಒಂದು ಸದ್ದು ತಾನೇ. ಯಾರಿಗೇನು ತೊಂದರೆ?"

ತೊಂದರೆಯಿತ್ತು. ಅತ್ತೆ ಊಟ ಬಿಟ್ಟರು. ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಪಿಸುಗುಟ್ಟುತ್ತಿದ್ದರು. ನಾಡಿ ಹಿಡಿದು ನೋಡುವ ಮಗಳಿಗೆ, ಅಮ್ಮ ಕೈತಪ್ಪಿ ಹೋಗುತ್ತಿದ್ದಾಳೆಂದು ಗೊತ್ತಾಗುತ್ತಿತ್ತು.

ಆ ರಾತ್ರಿ ಅವಳು ಡ್ಯೂಟಿ ಮುಗಿಸಿ ನಡೆದು ಬರುತ್ತಿದ್ದಳು. ಅವರ ಬೀದಿಗೆ ತಿರುಗುವ ಮೊದಲು ಒಂದು ಹಾಳು ಬಾವಿಯಿದೆ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುವಾಗ...

ಟು-ಡಿಂ.

ಮನೆ ಇನ್ನೂ ಒಂದು ಬೀದಿ ಆಚೆಗಿತ್ತು. ಸದ್ದು ಬಂದದ್ದು ಬಾವಿಯೊಳಗಿಂದ. ತಿರುಗಿ ನೋಡಿದಳು. ಜಾಲರಿ ಪಕ್ಕಕ್ಕೆ ಸರಿದಿತ್ತು.

ಓಡಿದಳು. ಮನೆಯಲ್ಲಿ ಅತ್ತೆ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.

"ಎಲ್ಲಿಗಮ್ಮಾ?"

"ಷ್... ಅಪ್ಪನ್ನ ಎಬ್ಬಿಸ್ಬೇಡ. ಕರೀತಿದ್ದಾನೆ ಕಣೇ. ಬಾವಿ ಹತ್ರ ಇದ್ದಾನಂತೆ."

ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮಾ, ಬಂದ ಸದ್ದು ದಿನಾ ಕೇಳಿದ್ದೀಯ. ಹೋದ ಸದ್ದು ಒಂದು ದಿನಾನಾದ್ರೂ ಕೇಳಿದ್ದೀಯಾ?"

ಅತ್ತೆ ಮತ್ತೆ ಚಪ್ಪಲಿಗೆ ತಡಕಾಡಿದರು.

"ಅವನು ಹೇಳದೆ ಕೇಳದೆ ತೆಗೆಯೋನಾ? ನಂಗೇ ಎಷ್ಟು ಬೈತಿದ್ದ... ಇದು ಅವನಲ್ಲಮ್ಮ. ಯಾವುದೋ ಬಂದಿದೆ. ಬಂದದ್ದು ಇನ್ನೂ ಹೋಗಿಲ್ಲ."

ಅವಳು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಅದು ಪೂರ್ತಿ ಏಳುವ ಮೊದಲೇ, ಸ್ಕ್ರೂನಿಂದ ಕೇಳಿ ತಿಳಿದಿದ್ದ ಕೀಲಿ ಒತ್ತಿ ಒಳಗಿನ ನೀಲಿ ಪರದೆಗೆ ಹೋದಳು. ಅಲ್ಲಿ ಮುಚ್ಚಿದರೆ ಸೆಟ್ಟಿಂಗ್ಸಿನಿಂದ ತೆರೆಯಲಾಗುವುದಿಲ್ಲ. ಮುಂದಿನ ಪೋರ್ಟ್... ಡಿಸೇಬಲ್. ತನಗೊಬ್ಬಳಿಗೇ ಗೊತ್ತಿರುವ ಪಾಸ್‌ವರ್ಡ್ ಹಾಕಿದಳು.

"ಮುಚ್ಚಿಬಿಟ್ರೆ ಅವನು ಎಲ್ಲಿಂದ ಬರ್ತಾನೇ?" ಅತ್ತೆಯ ದನಿ ಒಡೆಯಿತು.

"ಬರಲ್ಲಮ್ಮ."

ಸೇವ್ ಮಾಡಿದಳು. ಆರಿಸಿ, ಗೋಡೆಯಿಂದ ವೈರನ್ನೇ ಕಿತ್ತಳು. ಫ್ಯಾನಿನ ಗುರ್ ಸದ್ದು ಇಳಿದು ಇಳಿದು ನಿಂತಿತು. ಎಲ್ಲಾ ಕತ್ತಲು.

ಆಗ, ಕರೆಂಟೇ ಇಲ್ಲದ ಆ ಡಬ್ಬದೊಳಗಿಂದ... ಟಕ್. ಟಕ್ ಟಕ್. ಉಗುರಿನಿಂದ ತಗಡು ತಟ್ಟಿದ ಹಾಗೆ.

"ಅಮ್ಮಾ..." ಎಂದಿತು, ಪೋರ್ಟಿನ ಸಂದಿನಿಂದ. ಅವನದೇ ದನಿ.

ಅತ್ತೆ ಚೀರಿ ಮುಂದೆ ಬಂದರು. ಮಗಳು ಅವರನ್ನು ಎಡಗೈಯಿಂದ ಬಾಚಿ ತಬ್ಬಿ, ಬಲಗೈ ಹೆಬ್ಬೆರಳನ್ನು ಪೋರ್ಟಿನ ಬಾಯಿಗೆ ಒತ್ತಿ ಹಿಡಿದಳು. ಅದರ ಅಂಚು ಬೆಚ್ಚಗಾಯಿತು. ಆಮೇಲೆ ಬಿಸಿ. ಆಮೇಲೆ ಸುಡತೊಡಗಿತು...

ನಂಬುವುದು ಬಿಡುವುದು ನಿಮ್ಮಿಷ್ಟ. ಮಾರನೆಯ ದಿನ ನಾನೇ ಹೋಗಿದ್ದೆ. ಅತ್ತೆ ಗಂಜಿ ಕುಡಿಯುತ್ತಿದ್ದರು. ನರ್ಸಿನ ಹೆಬ್ಬೆರಳಿನ ಮೇಲೆ ಸುಟ್ಟ ಗುರುತಿತ್ತು, ಪುಟ್ಟದು, ಆಯತಾಕಾರದ್ದು. ಮುಟ್ಟಿ ನೋಡಿದ್ದೇನೆ.

"ಕೈ ಯಾಕೆ ತೆಗೀಲಿಲ್ಲ?" ಎಂದು ಕೇಳಿದೆ.

ಅವಳು ಅತ್ತೆಯ ಬಟ್ಟಲಿಗೆ ಇನ್ನಷ್ಟು ಗಂಜಿ ಬಡಿಸಿದಳು. ಅತ್ತೆ ಚೀರಿದ್ದಕ್ಕೆ ಎದ್ದು ಬಂದಿದ್ದ ಮಾವ ಹೇಳಿದರು. ರಾತ್ರಿಯೆಲ್ಲ ಅದು "ಅಮ್ಮಾ" ಎನ್ನುತ್ತಲೇ ಇತ್ತಂತೆ, ಕೊನೆಗೆ "ಅಕ್ಕಾ" ಎಂದಿತಂತೆ. ಅವಳು ಅಳುತ್ತಿದ್ದಳಂತೆ... ಬೆರಳು ಮಾತ್ರ ತೆಗೆಯಲಿಲ್ಲವಂತೆ.