ಕತ್ತಿ ಅದ್ದಿದ ನೀರು

...ಅದಕ್ಕೇ ಹೇಳ್ತಿರೋದು ಅಕ್ಕ, ನಮ್ಮನ್ನ ಸೋಲಿಸಿದ್ದು ಲಾನ್ನಾ ರಾಜ್ಯದವರಲ್ಲ, ನಮ್ಮ ಕೋಟೆ ದೊರೆನೇ. ಈ ಗಡಿ ಕೋಟೆ ಸಿಕ್ಕಿದ್ರೆ ಯೋಮ್ ನದಿ ಹಿಡಿದು ನಮ್ಮ ಅರಸರ ಅಯುತ್ಥಯಕ್ಕೇ ಇಳೀಬಹುದು ಅಂತ ಅವರು ಬಾಯಿಬಿಟ್ಕೊಂಡು ಕೂತಿದ್ರು. ಇವನೇ ನಿಂತು ಬಾಗಿಲು ತೆಗೆಸಿಕೊಟ್ಟ. ತಗೋ, ಒಂದು ತುತ್ತಾದ್ರೂ ತಿನ್ನು. ಬೇಡ್ವಾ? ಮಗ ಸತ್ತ ದಿನ ಗಂಟಲಲ್ಲಿ ಇಳಿಯಲ್ಲ, ಗೊತ್ತು ಕಣಕ್ಕ. ನಿನ್ನ ಬುನ್ಮಾ ಪಕ್ಕದಲ್ಲೇ ನಮ್ಮನೆಯವರೂ ಬಿದ್ದಿದ್ದಾರೆ.

ಹೋದ ವರ್ಷ ಗಂಡಸರಿಗೆಲ್ಲಾ ಆಣೆ ನೀರು ಕುಡಿಸಿದ್ದು ನೆನಪಿದೆಯಾ? ಕೊಳಗಕ್ಕೆ ಕತ್ತಿ, ಈಟಿ ಎಲ್ಲಾ ಅದ್ದಿ, ಅರಸರಿಗೆ ಎರಡು ಬಗೆದವನ ಕರುಳು ಹರಿದುಹೋಗ್ಲಿ ಅಂತ ಬ್ರಾಹ್ಮಣರು ಮಂತ್ರ ಹೇಳಿದ್ರಲ್ಲ... ಮೊದಲು ಕುಡಿದವನು ದೊರೆ! ಅವನ ಕರುಳು ಹರೀತಾ? ಈಗ ಲಾನ್ನಾ ಸೇನಾಪತಿ ಜೊತೆ ಕೂತು ಹಂದಿ ಬಾಡು ತಿಂತಿದ್ದಾನಂತೆ. ಸತ್ತಿದ್ದು ಆ ನೀರನ್ನ ನಂಬಿದವರು. ನಮ್ಮನೆಯವರು ಅದನ್ನ ಕುಡಿದ ಮೇಲೆ ಮೀನಿನವಳ ಹತ್ರ ಕೂಡ ಸುಳ್ಳು ಹೇಳ್ತಿರ್ಲಿಲ್ಲ. ನಗ್ತೀಯಾ? ಇಲ್ವಾ... ನಕ್ಕ ಹಾಗೆ ಕಂಡಿತು.

ಬೆಳಗ್ಗೆ ಕೆಳಗೆ ದೊರೆ ಹಗೆಗೆ ಹಾರ ಹಾಕ್ತಿದ್ರೆ, ಗೋಡೆ ಮೇಲೆ ನಮ್ಮವರು ಇನ್ನೂ ಕಲ್ಲು ಎತ್ತಿ ಹಾಕ್ತಿದ್ರು. ಒಬ್ಬರಾದ್ರೂ ಒಂದು ಮಾತು ಹೇಳಿದ್ರೆ ಇಳಿದು ಬರ್ತಿದ್ರು. ಒಂದೇ ಒಂದು ಮಾತು.

ನಾನಾ? ನಂಗೇನು ಗೊತ್ತಿತ್ತು? ಬೆಳಗ್ಗೆ ನಗಾರಿ ಕೇಳಿದ್ದೇ ತಡ, ಮಕ್ಕಳನ್ನ ಎತ್ಕೊಂಡು, ಕೈಗೆ ಸಿಕ್ಕಿದ್ದು ತಗೊಂಡು, ಈ ವಿಹಾರಕ್ಕೆ ಓಡಿ ಬಂದೆ. ಯಾಕಕ್ಕ ಬುಟ್ಟೀನೇ ನೋಡ್ತೀಯಾ? ಅಂಟಕ್ಕಿ ಅನ್ನ. ಮಾಡೋದು ನೀನೇ ಕಲಿಸಿದ್ದಲ್ವಾ... ಹೌದು, ರಾತ್ರಿಯಿಡೀ ನೆನೀಬೇಕು. ಹೌದು, ಮುತ್ತಿಗೇಲಿ ಊರೆಲ್ಲಾ ಗಂಜಿ ಕುಡೀತಿರೋವಾಗ ನಾನು ಇದ್ದ ಅಕ್ಕಿನೆಲ್ಲಾ ನಿನ್ನೆ ಸಂಜೆನೇ...

ಹಾಗೆ ನೋಡ್ಬೇಡ. ಏನಾದ್ರೂ ಕೇಳು.

ದೊರೆ ಹೆಂಡತಿ ಹೇಳಿದ್ಲು. ನಿನ್ನೆ ನೆಯ್ದ ಬಟ್ಟೆ ಕೊಡೋಕೆ ಹೋಗಿದ್ದೆ, ಬೆಳಗ್ಗೆ ಬಾಗಿಲು ತೆಗೆಸ್ತಾರೆ, ಮಕ್ಕಳನ್ನ ವಿಹಾರ ಸೇರಿಸು ಅಂದ್ಲು. ನಮ್ಮನೆಯವರಿಗೆ ಹೇಗೆ ಹೇಳ್ಲಿ? ಹೆಂಗಸರಿಗೆ ಆ ನೀರು ಕುಡಿಸಲ್ಲ, ಅವರು ಕುಡಿದಿದ್ರು. ಕೇಳಿದ ಗಳಿಗೇಲೇ ಹೋಗಿ ಬಾಗಿಲಿಗೆ ಅಡ್ಡ ನಿಲ್ತಿದ್ರು. ದೊರೆ ಕಡೆಯವರು ನಮ್ಮನ್ನೆಲ್ಲಾ ಸಿಗಿದು ಹಾಕ್ತಿದ್ರು. ಗಂಜಿ ಬಡಿಸಿದೆ. ಚಳಿ ಇದೆ, ಹೊದ್ಕೊಳ್ಳಿ ಅಂದೆ. ಅಷ್ಟೇ.

ಗೊತ್ತು... ಬುನ್ಮಾ ಕುಡಿದಿರ್ಲಿಲ್ಲ. ಮುತ್ತಿಗೆ ಶುರುವಾದ್ಮೇಲೆ ಪಡೆ ಸೇರಿದವನು. ಅವನಿಗೆ ಹೇಳಬಹುದಿತ್ತು. ಚಿಕ್ಕಪ್ಪನ್ನ ಕರೆಯೋಕೆ ಬಂದು ಬಾಗಿಲಲ್ಲೇ ನಿಂತಿದ್ದ. ಇಷ್ಟೊಂದು ಅಕ್ಕಿ ಯಾಕೆ ನೆನೆಹಾಕಿದ್ದೀಯಾ ಚಿಕ್ಕಮ್ಮ, ಅಂದ.

ನಾಳೆ ಬಾರೋ, ನಿಂಗೂ ಕೊಡ್ತೀನಿ, ಅಂದೆ.

ಅಕ್ಕ... ಬೈಯಕ್ಕ.