ಒಂದೇ ಬೀಗದಕೈ, ಇನ್ನೂರ ಹನ್ನೆರಡು ಓದುಗರು

ಹಲೋ... ಯಾರು ಮಾತಾಡ್ತಿರೋದು?

...ಯಾರು? ಇನ್ನೊಂದ್ಸಲ ಹೇಳಿ, ಇಲ್ಲಿ ಲಾರಿ ಹೋಗ್ತಿದೆ.

...ಓಹೋ, ಕಂಪ್ಯೂಟರ್ ವಿಭಾಗದ ಸಾಹೇಬ್ರಾ? ಏನ್ ಸಾರ್, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ? ಹನ್ನೊಂದು ವರ್ಷದಲ್ಲಿ ನೀವು ನನಗೆ ಫೋನ್ ಮಾಡಿದ್ದು ಇದೇ ಮೊದಲು. ನಂಬರು ಯಾರು ಕೊಟ್ರು?

...ಕ್ಯಾಂಟೀನಿನವನಾ? ಹಾಂ, ಅವನ ಹತ್ರ ಇರುತ್ತೆ. ನಮ್ಮಂಥವರ ನಂಬರು ನಮ್ಮಂಥವರ ಹತ್ರಾನೇ ಸಿಗೋದು.

...ಹೌದು ಸಾರ್, ನೋಟೀಸಕ್ಕಾನೇ ಮಾತಾಡ್ತಿರೋದು. ಈ ನೀರು ಸರಬರಾಜು ಕಚೇರೀಲಿ ವೆಬ್‌ಸೈಟಿಗೆ ನೋಟೀಸು ಹಾಕೋಳು ನಾನೊಬ್ಬಳೇ ಅಲ್ವಾ, ಇನ್ಯಾರು ಇರ್ತಾರೆ?

...ಸೀಟಲ್ಲಿ ಯಾಕಿಲ್ಲ ಅಂತ ನನ್ನ ಕೇಳ್ತೀರಾ? ಒಂದು ಕೆಲಸ ಮಾಡಿ. ಕಿಟಕಿ ಹತ್ರ ಬನ್ನಿ. ಬನ್ನಿ ಸಾರ್, ನಿಮ್ಮ ಮೇಜಿನ ಫೋನಿಗೆ ಅಷ್ಟುದ್ದ ವೈರು ಇದೆ, ನಾನು ನೋಡಿದ್ದೀನಿ. ಕೆಳಗೆ ಗೇಟು ಕಾಣ್ತಾ? ಪಕ್ಕದಲ್ಲಿ ಕಾವಲಿನವನ ಗೂಡು? ಅದರೊಳಗೆ ಕಾಲು ಮುರಿದ ಕುರ್ಚಿ ಮೇಲೆ ಹಳದಿ ಚೀಲ ಇಟ್ಕೊಂಡು ಒಬ್ಬಳು ಕೂತಿದ್ದಾಳಲ್ಲ, ಅದು ನಾನು. ಎಂಟೂವರೆಯಿಂದ ಕೂತಿದ್ದೀನಿ.

...ಕೈ ಬೀಸಬೇಡಿ ಸಾರ್. ನೋಡಿದವರು ನಮಗಿಬ್ಬರಿಗೂ ಪರಿಚಯ ಇದೆ ಅಂದ್ಕೋತಾರೆ.

...ಯಾಕೆ ಅಂದ್ರೆ? ಕಾರ್ಡು ತೋರಿಸಿದ್ರೆ ಕೆಂಪು ದೀಪ. ಉಜ್ಜಿದೆ, ಒರೆಸಿದೆ, ತಿರುಗಿಸಿ ತೋರಿಸಿದೆ. ಕೆಂಪೇ. ನಿನ್ನೆ ಸಂಜೆ ಮನೆಗೆ ಹೋಗುವಾಗ ಹಸಿರಿತ್ತು. ಪಾಪ, ಕಾವಲಿನಣ್ಣ ಕೀಲಿಯಿಂದ ತೆಗೀತೀನಿ ಅಂದ, ನಾನೇ ಬೇಡ ಅಂದೆ. ಕೆಂಪು ಬಂದವರನ್ನ ಒಳಗೆ ಬಿಟ್ಟೋನನ್ನ ಮನೆಗೆ ಕಳಿಸ್ತೀವಿ ಅಂತ ಸುತ್ತೋಲೆ ಹೊರಡಿಸಿದ್ದೀರಲ್ಲ. ಇವನ ತಲೆ ಮೇಲೇ ಅಂಟಿಸಿದ್ದೀರಿ, ನಾನೀಗ ಅದನ್ನೇ ನೋಡ್ತಾ ಕೂತಿದ್ದೀನಿ. ಮೂರು ಕಡೆ ಕಾಗುಣಿತ ತಪ್ಪಿದೆ.

...ಗೊತ್ತು.

...ಅದೂ ಗೊತ್ತು ಸಾರ್. ಎರಡನೇ ಟ್ಯಾಂಕಿನ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿದೆ. ಮೇಲಿನ ಬಡಾವಣೆಗಳಿಗೆಲ್ಲ ಬೆಳಗಿನ ಜಾವದಿಂದ ಅದೇ ನೀರು ಹೋಗಿದೆ. ಪಂಪು ನೋಡ್ಕೊಳ್ಳೋ ಚಿಕ್ಕಪ್ಪ ಎಂಟು ಗಂಟೆಗೇ ನನಗೆ ಹೇಳಿದ. ವಾಲ್ವ್ ತಿರುಗಿಸಿ ನಿಲ್ಲಿಸಿದವನೂ ಅವನೇ. ಆದ್ರೆ ಮನೆಮನೆ ತೊಟ್ಟಿಗೆ ಆಗಲೇ ಇಳಿದಿರೋ ನೀರನ್ನ ಅವನು ಹೆಂಗೆ ವಾಪಸ್ ಎಳೀತಾನೆ? ಆಗಿಂದ ನಿಮ್ಮ ಮಹಡಿಗೆ ಫೋನ್ ಮಾಡ್ತಾನೇ ಇದ್ದೀನಿ, ಯಾರೂ ಎತ್ತಲಿಲ್ಲ. ನಿಮಗೆ ಯಾವಾಗ ಗೊತ್ತಾಯ್ತು?

...ಹತ್ತು ಗಂಟೆಗಾ? ಸರಿ. ನೀರು ಮೂರನೇ ಮಹಡಿಗೆ ಏರೋದು ಯಾವಾಗಲೂ ನಿಧಾನ.

...ಬರೆದಿಟ್ಟಿದ್ದೀನಿ ಸಾರ್, ಆಗಲೇ ಬರೆದಿಟ್ಟಿದ್ದೀನಿ. ಮೂರು ಸಾಲು. ನಲ್ಲಿ ನೀರು ಕುಡೀಬೇಡಿ, ಅಡುಗೆಗೂ ಮಗುವಿನ ಹಾಲಿಗೂ ಬಳಸಬೇಡಿ, ತೊಟ್ಟಿ ಖಾಲಿ ಮಾಡಿ. ನನ್ನ ಫೋನಲ್ಲೇ ಇದೆ. ಇದನ್ನ ಸೈಟಿಗೆ ಹಾಕಿ ಪ್ರಕಟಿಸಿದ್ರೆ ಸಾಕು, ಅಲ್ಲಿಂದ ತಾನಾಗೇ ನಲವತ್ತು ಸಾವಿರ ಮನೆಗೆ ಸಂದೇಶ ಹೋಗುತ್ತೆ. ಹಾಕಿ ಮತ್ತೆ. ನಿಮಗೇನು, ಒಳಗೇ ಇದ್ದೀರಿ. ಒಂದೇ ಪಾಸ್‌ವರ್ಡು, ಎಲ್ಲ ಬಾಗಿಲೂ ತೆಗೆಯುತ್ತೆ ಅಂತ ನಿನ್ನೆ ತಾನೆ ಭಾಷಣ ಮಾಡಿದ್ರಿ.

...ಏನು ಕಾಣ್ತಿಲ್ಲ?

...ಪ್ರಕಟಿಸು ಅನ್ನೋ ಗುಂಡಿ ಕಾಣ್ತಿಲ್ವಾ? ಸರಿಯಾಗಿ ನೋಡಿ. ಬಲಗಡೆ ಮೇಲೆ.

...ಸೈಟೇ ಸರಿ ಇಲ್ಲ ಅಂತೀರಾ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಸೈಟು ನೆಟ್ಟಗಿದೆ ಸಾರ್. ನಿಮ್ಮ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ, ಓದಿ.

...ಗಟ್ಟಿಯಾಗಿ ಓದಿ, ಕೇಳಿಸ್ಲಿಲ್ಲ.

...ಹಾಂ. "ಓದುಗ". ಆಯ್ತಲ್ಲ. ನೀವು ಓದಬಹುದು ಸಾರ್. ಎಷ್ಟು ಬೇಕಾದ್ರೂ ಓದಿ, ಯಾರೂ ಬೇಡ ಅನ್ನಲ್ಲ. ಬರೆಯೋ ಹಾಗಿಲ್ಲ, ಅಳಿಸೋ ಹಾಗಿಲ್ಲ, ಪ್ರಕಟಿಸೋ ಹಾಗಿಲ್ಲ.

...ನಗ್ತಿಲ್ಲ. ಕೆಮ್ಮು.

...ಹಂಗಲ್ಲ ಸಾರ್, ನಿಧಾನವಾಗಿ ಹೇಳ್ತೀನಿ, ಕೇಳಿ. ನಿಮ್ಮ ಹೊಸ ಸಿಂಗಲ್ ಸೈನ್-ಆನ್, ಅದೇ ಆ ಒಂದೇ ಪಾಸ್‌ವರ್ಡಿನ ಬಾಗಿಲಿಂದ ಯಾರೇ ಬರಲಿ, ಸೈಟು ಅವರನ್ನ ಮೊದಲು ಓದುಗ ಅಂತಲೇ ಕೂರಿಸುತ್ತೆ. ಆಮೇಲೆ ಒಳಗಿದ್ದವರು ಯಾರಾದ್ರೂ ಎದ್ದು, ಇವರು ಬರೆಯೋರು, ಇವರು ತಿದ್ದೋರು, ಇವರು ಪ್ರಕಟಿಸೋರು ಅಂತ ಅಧಿಕಾರ ಹಂಚಬೇಕು. ಆ ಹಂಚೋ ಕೆಲಸ ಯಾರದಾಗಿತ್ತು, ಹೇಳಿ?

...ಹೇಳಿ ಸಾರ್, ನಾಚಿಕೆ ಬೇಡ.

...ಹೌದು. ನಂದು. ನನ್ನೊಬ್ಬಳದೇ. ನನ್ನ ಹೊರಗೆ ಹಾಕಿ ಬಾಗಿಲು ಮುಚ್ಚಿದ್ದೀರಿ. ಈಗ ಒಳಗೆ ಕಾಯಂ ನೌಕರರು ಇನ್ನೂರ ಹನ್ನೆರಡು ಜನ ಇದ್ದೀರಿ, ಇನ್ನೂರ ಹನ್ನೆರಡೂ ಓದುಗರು. ಗ್ರಂಥಾಲಯ ಅಂತ ಬೋರ್ಡು ಹಾಕ್ಕೊಳ್ಳಿ.

...ನಾನು ಮುಂಚೆ ಹೇಳಬೇಕಿತ್ತಾ?

...ಸಾರ್, ನಿಮಗೆ ನೆನಪಿಲ್ಲ ಅಂದ್ರೆ ನಾನು ನಂಬಲ್ಲ. ಹೋದ ತಿಂಗಳು, ಉದ್ದನೆ ಮೇಜಿನ ಕೋಣೇಲಿ ಸಭೆ. ನೀವು ಪರದೆ ಮೇಲೆ ಬಾಣದ ಗುರುತು ಬಿಡ್ತಾ ಇದ್ರಿ. ನಾನು ಗೋಡೆ ಪಕ್ಕದ ಸ್ಟೂಲಿಂದ ಕೈ ಎತ್ತಿದೆ. ನಿಮ್ಮ ಪಟ್ಟಿ ಕಾಯಂ ನೌಕರರ ಗುರುತಿನ ಸಂಖ್ಯೆ ನೋಡ್ಕೊಂಡು ತಯಾರಾಗಿದೆ, ನಾವು ಗುತ್ತಿಗೆಯವರು ಹದಿನಾಲ್ಕು ಜನ, ನಮಗೆ ಸಂಖ್ಯೆ ಇಲ್ಲ, ನಾವು ಹೆಂಗೆ ಒಳಗೆ ಬರೋದು ಅಂತ ಕೇಳಿದೆ. ಏನಂದ್ರಿ?

...ನೆನಪಿಲ್ವಾ? ನನಗಿದೆ. "ಸಂಖ್ಯೆ ಇಲ್ಲದವರಿಗೆ ಇಲ್ಲಿ ಏನು ಕೆಲಸ?" ಅಂದ್ರಿ. ಎಲ್ಲರೂ ನಕ್ರು. ದೊಡ್ಡ ಸಾಹೇಬ್ರು ನಗ್ತಾ ನಗ್ತಾ ಕನ್ನಡಕ ಒರೆಸಿಕೊಂಡ್ರು.

...ತಮಾಷೆಗೇ ಇರಬಹುದು. ನನಗೆ ತಮಾಷೆ ಅನ್ನಿಸ್ಲಿಲ್ಲ. ಅವತ್ತು ಮನೆಗೆ ಹೋಗಿ ಊಟ ಸೇರ್ಲಿಲ್ಲ ಸಾರ್, ಸುಮ್ಮನೆ ಯಾಕೆ ಸುಳ್ಳು ಹೇಳಲಿ. ಹನ್ನೊಂದು ವರ್ಷ ಆ ಸೈಟಿಗೆ ಒಂದೊಂದು ಸಾಲೂ ನಾನು ಹಾಕಿದ್ದು.

...ಇಲ್ಲ ಇಲ್ಲ, ತಪ್ಪು ತಿಳೀಬೇಡಿ. ಒಂದೇ ಪಾಸ್‌ವರ್ಡು ಬೇಡ ಅಂತ ನಾನೆಲ್ಲಿ ಅಂದೆ? ಎರಡು ವರ್ಷದ ಹಿಂದೆ ಬೇಕು ಅಂತ ಅರ್ಜಿ ಬರೆದವಳೇ ನಾನು. ಒಬ್ಬೊಬ್ಬರಿಗೆ ಒಂಬತ್ತು ಪಾಸ್‌ವರ್ಡು, ಒಂಬತ್ತನ್ನೂ ಚೀಟಿ ಮೇಲೆ ಬರೆದು ಪರದೆಗೆ ಅಂಟಿಸೋದು, ಅದನ್ನ ಕಸ ಗುಡಿಸೋ ಅಜ್ಜಿ ದಿನಾ ಓದೋದು. ಅವಳು ಒಳ್ಳೆಯವಳು, ಹಂಗಾಗಿ ಬಚಾವ್ ಆದ್ರಿ. ಬೀಗ ಒಳ್ಳೇದೇ ಸಾರ್. ಯಾರ ಕೈಲಿ ಬೀಗದಕೈ ಇರಬೇಕು ಅಂತ ನೋಡೋ ಕಣ್ಣು ನಿಮಗಿಲ್ಲ.

...ಪಕ್ಕದಲ್ಲಿ ಯಾರೋ ಮಾತಾಡ್ತಿದ್ದಾರಲ್ಲ. ಯಾರದು, ಲೆಕ್ಕದ ಸಾಹೇಬ್ರಾ? ಏನಂತೆ?

...ಹೋದ ವರ್ಷ ನಿವೃತ್ತರಾದ ಗುಮಾಸ್ತರ ಸಂಖ್ಯೆ ನನಗೆ ಕೊಡೋದಾ? ಅವರ ಹೆಸರಲ್ಲಿ ನಾನು ಒಳಗೆ ಬರೋದಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ಸಾರ್, ನಾನು ಆ ಗುಮಾಸ್ತರಾಗಿ ಬಂದ್ರೂ ಅದೇ ಹೊಸ ಬಾಗಿಲಿಂದಾನೇ ಬರಬೇಕು ತಾನೆ? ಬಂದ್ರೆ ನಾನೂ ಓದುಗರ ಸಾಲಿಗೇ. ಇನ್ನೂರ ಹದಿಮೂರು ಆಗ್ತೀವಿ. ಅದೂ ಅಲ್ದೆ, ಇನ್ನೊಬ್ಬರ ಹೆಸರಲ್ಲಿ ನಾನು ಕೆಲಸ ಮಾಡಲ್ಲ. ನನ್ನ ಹೆಸರಿಗೇನು ಬಂದಿದೆ?

...ನನ್ನ ಹಳೇ ಪಾಸ್‌ವರ್ಡ್ ಹೇಳಲಾ? ಹೇಳಿದ್ರೆ ಎಲ್ಲಿ ಹಾಕ್ತೀರಿ? ಹಳೇ ಬಾಗಿಲು ಇದ್ದ ಕಡೆ ನಿನ್ನೆ ಗೋಡೆ ಕಟ್ಟಿಸಿದ್ದೀರಿ. ಗೋಡೆಗೆ ಹೇಳ್ತೀರಾ?

...ರೇಡಿಯೋದವರಿಗೆ ಹೇಳಿದ್ದೀರಾ? ಒಳ್ಳೇದಾಯ್ತು. ಯಾವಾಗ ಓದ್ತಾರಂತೆ?

...ಮಧ್ಯಾಹ್ನದ ಸುದ್ದೀಲಿ. ಅಷ್ಟೊತ್ತಿಗೆ ಅಡುಗೆ ಆಗಿ, ಊಟ ಆಗಿ, ಪಾತ್ರೆ ತೊಳೆದಿಟ್ಟಿರ್ತಾರೆ.

...ಸಾರ್. ಸಾರ್, ಸ್ವಲ್ಪ ನನ್ನ ಮಾತು ಕೇಳಿ. ನನ್ನ ತಂಗಿ ಮನೆ ಅದೇ ಮೇಲಿನ ಬಡಾವಣೇಲಿದೆ. ಐದು ತಿಂಗಳ ಮಗು, ಸೀಸೆಯ ಹಾಲು. ಎಂಟು ಗಂಟೆಗೆ ಅವಳಿಗೆ ಫೋನ್ ಮಾಡಿದೆ, ಬಾಟಲಿ ತೊಳೀತಾ ಇದ್ದವಳು ಅಲ್ಲೇ ನಿಲ್ಲಿಸಿದ್ಲು. ಅವಳಿಗೆ ಅಕ್ಕ ಇದ್ದಾಳೆ. ಉಳಿದ ಮನೆಗಳಿಗೆ ಯಾರಿದ್ದಾರೆ? ನೀವೊಂದು ಗುಂಡಿ ಹುಡುಕ್ತಾ ಕೂತಿದ್ದೀರಿ, ನನಗಿಲ್ಲಿ ಕೂತಲ್ಲಿ ಕೂರೋಕಾಗ್ತಿಲ್ಲ.

...ದಾರಿ ಇದೆ.

...ಇದೆ ಅಂದೆನಲ್ಲ. ನಿಮ್ಮ ಮೇಜಿನ ಎರಡನೇ ಡ್ರಾಯರಲ್ಲಿ ನೀಲಿ ಕಡತ ಇದೆಯಾ? ಮೇಲೆ "ತುರ್ತು" ಅಂತ ನನ್ನ ಅಕ್ಷರದಲ್ಲಿದೆ. ಈ ಹೊಸ ಬೀಗ ಕೂರಿಸೋಕೆ ಬಂದಿದ್ದ ಹುಡುಗಿ ಹೋಗೋ ದಿನ ಹೇಳ್ತಾ ಹೋದ್ಲು, ನಾನು ಬರ್ಕೊಂಡೆ. ಮೂರು ಪ್ರತಿ ಮಾಡಿ ನಿಮಗೂ ಒಂದು ಕೊಟ್ಟೆ.

...ಅದರ ಮೇಲೆ ಕಾಫಿ ಲೋಟ ಇಡ್ತಿದ್ರಾ. ಪರವಾಗಿಲ್ಲ, ಗುಂಡಗೆ ಕಲೆ ಬಿದ್ದಿದ್ರೂ ಓದೋಕೆ ಬರುತ್ತೆ. ನೀವು ಓದುಗರಲ್ವಾ.

...ಹಾಂ, ಅದೇ ಪುಟ. ಅಷ್ಟೇ ವಿಷಯ. ನಿಮ್ಮ ಒಂದೇ ಬೀಗದ ಯಂತ್ರವನ್ನ ಪೂರ್ತಿ ನಿಲ್ಲಿಸಿದ್ರೆ, ಸೈಟು ಸ್ವಲ್ಪ ಹೊತ್ತು ಕಾದು, ಇವರ ಬೀಗ ಕೆಟ್ಟಿದೆ ಅಂತ ತಿಳ್ಕೊಂಡು ಹಳೇ ಬಾಗಿಲು ತಾನೇ ತೆಗೆಯುತ್ತೆ. ನನ್ನ ಖಾತೆ ಆ ಬಾಗಿಲ ಹಿಂದೆ ಹಂಗೇ ಇದೆ. ಅದು ಕಚೇರಿ ಕಂಪ್ಯೂಟರಿಂದ ಮಾತ್ರ ತೆಗೆಯುತ್ತೆ, ನನ್ನ ಹಳೇ ಕಂಪ್ಯೂಟರನ್ನ ನೀವು ಈ ಬೀಗಕ್ಕೆ ಸೇರಿಸೇ ಇಲ್ಲ, ನಾನು ಬಂದು ಕೂತ್ರೆ ಎರಡು ನಿಮಿಷದ ಕೆಲಸ.

...ಅರ್ಧ ನಿಲ್ಲಿಸೋಕೆ ಬರಲ್ಲ ಸಾರ್. ಒಂದೇ ಬೀಗ ಅಂದ್ರೆ ಒಂದೇ. ನಿಂತ್ರೆ ಎಲ್ಲ ನಿಲ್ಲುತ್ತೆ. ನಿಮ್ಮ ಮೇಲ್ ನಿಲ್ಲುತ್ತೆ, ಹಾಜರಿ ನಿಲ್ಲುತ್ತೆ, ಗೇಟಿನ ದೀಪ ನಿಲ್ಲುತ್ತೆ, ದೊಡ್ಡ ಸಾಹೇಬ್ರ ಕಂಪ್ಯೂಟರೂ ನಿಲ್ಲುತ್ತೆ.

...ಅವರು ಬೈತಾರೆ. ಬೈಯಲಿ. ನಿನ್ನೆ ಉದ್ಘಾಟನೆ ಆಗಿದ್ದು ಇವತ್ತೇ ನಿಲ್ಲಿಸಿದ್ರೆ ಮರ್ಯಾದೆ ಹೋಗುತ್ತೆ ಅಂತಾನಾ? ಸಾರ್, ಈಗ ಊರವರು ಗಾಬರಿಯಾಗಿ ನಮ್ಮ ಸೈಟು ತೆಗೆದ್ರೆ ಮೊದಲು ಏನು ಕಾಣುತ್ತೆ ಗೊತ್ತಾ? ದೊಡ್ಡ ಸಾಹೇಬ್ರು ರಟ್ಟಿನ ಬೀಗದಕೈ ಹಿಡ್ಕೊಂಡು ನಿಂತಿರೋ ಚಿತ್ರ. ಆಳುದ್ದ ಬೀಗದಕೈ. ಪಕ್ಕದಲ್ಲಿ ನೀವು ಚಪ್ಪಾಳೆ ತಟ್ತಿದ್ದೀರಿ. ನಾನೇ ಹಾಕಿದ್ದು, ನನ್ನ ಕೊನೇ ಕೆಲಸ. ಚರಂಡಿ ನೀರು ಕುಡಿದವರಿಗೆ ಅದನ್ನ ತೋರಿಸೋಣ ಅಂತೀರಾ? ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಬಾರದು, ಅಷ್ಟೇ ನಿಮ್ಮ ಚಿಂತೆ.

...ಏನು?

...ಪಟ್ಟೀಲಿ ಸೇರಿಸ್ತೀರಾ. ನನ್ನನ್ನ. ಖಂಡಿತಾ. ನಾಳೇನೇ. ಸಾರ್, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋದು ನಾನೂ ಕೇಳಿದ್ದೀನಿ.

...ಇಲ್ಲ. ಏನೂ ಬರ್ಕೊಡಬೇಡಿ. ನಾನೇನಾದ್ರೂ ಕೇಳಿದ್ನಾ? ನೀರಿನ ವಿಷಯದಲ್ಲಿ ನಾನು ಚೌಕಾಸಿ ಮಾಡಲ್ಲ. ಮೊದಲು ನೋಟೀಸು ಹೋಗಲಿ. ಆಮೇಲೆ ನೀವು ಆ ಬೀಗವನ್ನ ಮತ್ತೆ ಹಾಕಬೇಕು ಅಂದ್ರೆ ಸೈಟಿನ ಒಳಗಡೆಯಿಂದ ಯಾರಾದ್ರೂ ಕೊಂಡಿ ಸಿಕ್ಕಿಸಿ ಒಪ್ಪಿಗೆ ಕೊಡಬೇಕು. ಒಳಗೆ ಯಾರಿರ್ತಾರೆ ಅಂತ ನೀವೇ ಯೋಚನೆ ಮಾಡಿ. ಆಗ ಪಟ್ಟಿ ತಗೊಂಡು ಬನ್ನಿ, ಕೂತು ನೋಡೋಣ. ಹದಿನಾಲ್ಕು ಹೆಸರೂ ನನಗೆ ಬಾಯಿಪಾಠ.

...ಸಂಖ್ಯೆ ಕಾಲಂ ಖಾಲಿ ಬಿಟ್ರೆ ಯಂತ್ರ ತಗೊಳ್ಳಲ್ವಾ? ಯಂತ್ರಕ್ಕೆ ಆಮೇಲೆ ಬುದ್ಧಿ ಹೇಳೋಣ ಸಾರ್. ಮೊದಲು ಮನುಷ್ಯರದ್ದು ಆಗ್ಲಿ.

...ಗಂಟೆ ಎಷ್ಟು ನೋಡಿ. ಹತ್ತೂ ಇಪ್ಪತ್ತು. ಈಗ ನೀವು ಮಾತಾಡಿದ ಹೊತ್ತಲ್ಲಿ ಎಷ್ಟು ಮನೇಲಿ ಅನ್ನಕ್ಕೆ ಇಟ್ರೋ.

...ಹಾಂ. ಆ ಬೀಗದ ಯಂತ್ರದ ಪುಟ ತೆಗೀರಿ. ಎಡಗಡೆ ಕೊನೇ ಸಾಲು. ಕೆಂಪಗಿದೆಯಾ? ಅದೇ. "ಸೇವೆ ನಿಲ್ಲಿಸು".

...ಖಚಿತವೇ ಅಂತ ಕೇಳ್ತಿದೆಯಾ? ಹೌದು ಅನ್ನಿ. ಇನ್ನೊಂದ್ಸಲ ಕೇಳುತ್ತೆ. ಬೀಗ ಕೂರಿಸಿದ ಆ ಹುಡುಗಿ ಹುಷಾರು, ನಿಮ್ಮ ಮೇಲೆ ಅವಳಿಗೂ ನಂಬಿಕೆ ಇರ್ಲಿಲ್ಲ ಅನ್ಸುತ್ತೆ.

...ಬಾಣ ಆ ಗುಂಡಿ ಮೇಲೆ ತಂದ್ರಾ? ಸಭೇಲಿ ಬಾಣ ಬಿಡೋದು ಸುಲಭ.

...ಹಾಂ, ಒಂದು ಮಾತು ಸಾರ್, ಆಮೇಲೆ ಹೇಳ್ಲಿಲ್ಲ ಅನ್ನಬೇಡಿ. ನಿಮ್ಮ ಕೈಲಿರೋ ಆ ಫೋನು ಇದೆಯಲ್ಲ, ಅದನ್ನೂ ನೀವು ಅದೇ ಬೀಗಕ್ಕೆ ಸೇರಿಸಿದ್ದೀರಿ. ಗುಂಡಿ ಒತ್ತಿದ್ರೆ ಅದೂ ಸಾಯುತ್ತೆ. ನೀವು ಒತ್ತಿದ್ರೋ ಇಲ್ವೋ ಅಂತ ನನಗೆ ಅದರಿಂದಲೇ ಗೊತ್ತಾಗೋದು. ಹೆದರಿ ಸುಮ್ಮನೆ ಕೂತ್ರೆ ನಿಮ್ಮ ಉಸಿರು ಕೇಳಿಸ್ತಾನೇ ಇರುತ್ತೆ.

...ಕೇಳಿಸ್ತಿದೆ.

...ಇನ್ನೂ ಕೇಳಿಸ್ತಿದೆ ಸಾರ್.

...ಕಿಟಕಿ ಯಾಕೆ ನೋಡ್ತೀರಿ? ನಾನು ಇಲ್ಲೇ ಇದ್ದೀನಿ, ಎದ್ದು ನಿಂತಿದ್ದೀನಿ. ಮೂರು ಮಹಡಿ ಹತ್ತೋಕೆ ನನಗೆ ಎರಡು ನಿಮಿಷ ಸಾಕು. ಒತ್ತಿ...

ಹಲೋ?

...ಹಲೋ?

...ಅಣ್ಣಾ, ಲೈನ್ ಕಟ್ಟಾಯ್ತು. ನಿನ್ನ ಗೇಟಿನ ದೀಪಾನೂ ಆರಿದೆ, ನೋಡು. ಈಗ ಕೀಲಿ ಹಾಕಿ ತೆಗಿ, ನಿನ್ನ ಮೇಲೆ ಯಾವ ಸುತ್ತೋಲೇನೂ ಬರಲ್ಲ. ಬೇಗ ತೆಗಿ ಅಣ್ಣಾ. ಸಂಖ್ಯೆ ಇಲ್ಲದವರಿಗೆ ಕೆಲಸ ಬಂದಿದೆ.