ಕೋರಲಿಯ ಚಿತ್ರದ ಕೆಳಗಿನ ಹೆಸರು

ಅಧ್ಯಕ್ಷ ಸ್ಥಾನದಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಫಾದರ್ ಗಿಲ್ಲಿಸ್ ಅವರೇ, ಹ್ಯಾಲಿಫ್ಯಾಕ್ಸ್‌ನಿಂದಲೂ ಟೊರಾಂಟೊದಿಂದಲೂ ದಯಮಾಡಿಸಿರುವ ಅತಿಥಿಗಳೇ, ಚಹಾ ಸಮಿತಿಯ ತಾಯಂದಿರೇ, ದೋಣಿ ದಡಕ್ಕೆಳೆದು ಒದ್ದೆ ಬೂಟಿನಲ್ಲೇ ಬಂದಿರುವ ನನ್ನ ಬಂಧುಗಳೇ, ಸಮಸ್ತ ಸಭಿಕರೇ,

ಇಂದಿನ ಸನ್ಮಾನಿತೆ, ಖ್ಯಾತ ಗಾಯಕಿ ಹಾಗೂ ಗೀತರಚನೆಕಾರ್ತಿ ಕೋರಲಿ ಆಲೀನ್ ಅವರ ಕುರಿತು ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. 'ಅವರು' ಎನ್ನಲು ನಾಲಿಗೆ ಹೊರಳುತ್ತಿಲ್ಲ, ಕ್ಷಮಿಸಿ. ಮೂಗು ಸೋರುವ ವಯಸ್ಸಿನಿಂದ ಕಂಡವಳು. 'ಅವಳು' ಎಂದೇ ಹೇಳುತ್ತೇನೆ.

ಹೊರಗಿನ ಅತಿಥಿಗಳಿಗೆ ಒಂದು ಮಾತು. ಕೇಪ್ ಬ್ರೆಟನ್ನಿನ ಈ ಊರಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಮ್ಯಾಕ್‌ಡೊನಾಲ್ಡ್ ಮನೆತನದವನೊಬ್ಬನ ತಲೆಗೇ ಬೀಳುತ್ತದೆ. ಹಾಗಾಗಿ ನಾವು ಅಪ್ಪನ ಹೆಸರು, ಅಜ್ಜನ ಹೆಸರು ಹಿಂದೆ ಕಟ್ಟಿಕೊಂಡೇ ಓಡಾಡುತ್ತೇವೆ. ನಾನು ಹೆಕ್ಟರನ ಮಗ, ರೋರಿಯ ಮೊಮ್ಮಗ. ಆದ್ದರಿಂದ ಲಾಕೀ ಹೆಕ್ಟರ್ ರೋರಿ. ಈ ಗೋಡೆಯ ಮೇಲಿರುವ ಎಲ್ಲ ಸಂಗೀತಗಾರರ ಚಿತ್ರಗಳ ಕೆಳಗೂ ಅಂಥ ಹೆಸರುಗಳೇ ಇವೆ. ಇಂದು ಕೋರಲಿಯ ಚಿತ್ರವೂ ಆ ಸಾಲಿಗೆ ಸೇರುತ್ತದೆ. ಕೆಳಗೆ ಏನೆಂದು ಬರೆಯುವುದು? ಈ ಮಾತಿಗೆ ನಮ್ಮ ಸಭಾಂಗಣದ ಸಮಿತಿ ಚಳಿಗಾಲವಿಡೀ ಕಿತ್ತಾಡಿದೆ.

ಅವಳ ತಾಯಿ ವಿನೆಟ್, ಮುಂದಿನ ಸಾಲಿನಲ್ಲಿ ಹಳದಿ ಟೋಪಿಯಲ್ಲಿ ಕುಳಿತಿದ್ದಾಳಲ್ಲ, ಟೊರಾಂಟೊದಿಂದ ನರ್ಸ್ ಆಗಿ ಇಲ್ಲಿಗೆ ಬಂದವಳು. ಹುಟ್ಟಿದ್ದು ಬಾರ್ಬಡೋಸ್ ದ್ವೀಪದಲ್ಲಿ. ಜೊತೆಗೆ ಒಂದು ಮಗು, ಗಂಡ ಇಲ್ಲ. ಮೊದಲ ಶನಿವಾರ ಇದೇ ಸಭಾಂಗಣದ ಕುಣಿತಕ್ಕೆ ಮಗುವನ್ನು ಕರೆತಂದಳು. ಚಹಾ ಕೊಡುತ್ತಿದ್ದ ಫ್ಲೋರಾ ಕೇಳಿದಳು: "ಯಾರ ಮಗಳೇ ನೀನು?"

"ನಮ್ಮಮ್ಮನ ಮಗಳು."

"ಅದು ಗೊತ್ತಾಯ್ತು ಪುಟ್ಟಿ, ಅಪ್ಪ ಯಾರು?"

ಫ್ಲೋರಾಳದು ಕೆಟ್ಟ ಮನಸ್ಸಲ್ಲ. ನಮ್ಮೂರಲ್ಲಿ ಕುಶಲ ವಿಚಾರಿಸುವುದೇ ಹಾಗೆ. ಆದರೆ ಮಗು ಕಚ್ಚಿದ್ದ ಓಟ್ಸ್ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟು, ಪಿಟೀಲು ನುಡಿಸುತ್ತಿದ್ದ ನನ್ನ ಕುರ್ಚಿಯ ಹಿಂದೆ ಬಂದು ಕುಳಿತಿತು. ಮುಂದಿನ ಶನಿವಾರವೂ ಅಲ್ಲೇ ಕುಳಿತಿತು.

ಅವರು ನನ್ನ ಪಕ್ಕದ ಮನೆಯಲ್ಲಿದ್ದರು. ಅವರ ಮೆಟ್ಟಿಲ ಮೇಲಿನ ಹಿಮವನ್ನು ನಾನೇ ತೆಗೆಯುತ್ತಿದ್ದೆ. ನೆರೆಯವನ ಧರ್ಮ, ಬೇರೇನಲ್ಲ. ನನ್ನ ಇನ್ನೊಂದು ಪಕ್ಕದಲ್ಲೂ ಒಂದು ಮನೆಯಿತ್ತು, ಅಲ್ಲಿನ ಹಿಮ ಯಾರು ತೆಗೆಯುತ್ತಿದ್ದರೆಂದು ದಯವಿಟ್ಟು ಕೇಳಬೇಡಿ.

ಹಿಮ ತೆಗೆದ ಮೇಲೆ ಒಳಗೆ ಚಹಾ. ಚಹಾ ಆದ ಮೇಲೆ ಪಿಟೀಲು. ವಿನೆಟ್ ಉಪ್ಪುಮೀನು ಬೇಯಿಸುತ್ತ ತನ್ನ ದ್ವೀಪದ ಹಾಡು ಗುನುಗುತ್ತಿದ್ದಳು, ನಾನು ನಮ್ಮಜ್ಜನ ಕುಣಿತದ ಮಟ್ಟು ನುಡಿಸುತ್ತಿದ್ದೆ, ಕೋರಲಿ ಎರಡರ ನಡುವೆ ಕುಳಿತು ಬಾಣಲೆ ಬಡಿಯುತ್ತಿದ್ದಳು. "ಏ, ತಾಳ ತಪ್ತಿದೀಯಲ್ಲೇ!" ಎಂದು ಗದರಿದೆ. "ತಪ್ಪಿಲ್ಲ ಲಾಕೀ ಅಂಕಲ್, ನಿಮ್ದೂ ಅಮ್ಮಂದೂ ಒಟ್ಟಿಗೆ ಹಾಕ್ತಿದೀನಿ" ಎಂದಳು. ಮಹನೀಯರೇ, ಇಂದು ದೇಶವೆಲ್ಲ ಕೊಂಡಾಡುವ ಆ ಬೆರಕೆ ಸಂಗೀತ ಹುಟ್ಟಿದ್ದು ಯಾವ ಸ್ಟುಡಿಯೋದಲ್ಲಿ? ಉಪ್ಪುಮೀನಿನ ವಾಸನೆಯಲ್ಲಿ!

ಹದಿಹರೆಯದಲ್ಲಿ ಅದನ್ನು ಇಲ್ಲಿ, ಈ ವೇದಿಕೆಯಲ್ಲಿ ಹಾಡಿದಳು. ಕುಣಿಯುತ್ತಿದ್ದವರು ದಿಕ್ಕು ತಪ್ಪಿ ನಿಂತುಬಿಟ್ಟರು. ಚಪ್ಪಾಳೆಯೇನೋ ಬಿತ್ತು. ಆದರೆ ಇಲ್ಲಿ ಚಪ್ಪಾಳೆಗೆ ಬೆಲೆಯಿಲ್ಲ, ಪಾದಕ್ಕೆ ಬೆಲೆ. ನಾನು ಸುತ್ತ ನೋಡಿದೆ. ಚಹಾ ಮೇಜಿನ ಕೆಳಗೆ ಒಂದೇ ಒಂದು ಜೊತೆ ಪಾದ ಕುಣಿಯುತ್ತಿತ್ತು. ಫ್ಲೋರಾ, ನಿನ್ನದೇ ಕಣಮ್ಮ, ಈಗ ತಲೆ ಅಲ್ಲಾಡಿಸಬೇಡ!

ಮುಂದೆ ಟೊರಾಂಟೊ. ಅಲ್ಲಿನ ಧ್ವನಿಮುದ್ರಿಕೆ ಕಂಪನಿಯವರು ಅವಳನ್ನು ಕೂರಿಸಿ, ಇದು ಹಳ್ಳಿ ಹಾಡೋ, ಜಾಝೋ, ದ್ವೀಪದ ಸಂಗೀತವೋ, ಅಂಗಡಿಯಲ್ಲಿ ಯಾವ ಕಪಾಟಿನಲ್ಲಿಡಬೇಕು ಎಂದು ಕೇಳಿದರಂತೆ. ಅವತ್ತು ಫೋನ್ ಮಾಡಿದಳು. "ಅಂಕಲ್, ಇಲ್ಲೂ ಅದೇ ಕೇಳ್ತಾರೆ. ನೀನು ಯಾರವಳು ಅಂತ." ನಗುತ್ತಲೇ ಹೇಳಿದಳು. ನನಗೆ ಮಾತ್ರ ಊಟ ಸೇರಲಿಲ್ಲ. ಆಮೇಲೆ ಪ್ರಶಸ್ತಿಗಳು ಬಂದವು, ದೊಡ್ಡ ದೊಡ್ಡ ವೇದಿಕೆಗಳು ಬಂದವು, ಅವಳ ಹಾಡಿಗೆ ಅವಳದೇ ಕಪಾಟು ಬಂತು. ಆ ವಿವರಗಳನ್ನೆಲ್ಲ ಫಾದರ್ ಆಗಲೇ ಓದಿದ್ದಾರೆ, ನೀವು ಆಗಲೇ ಆಕಳಿಸಿದ್ದೀರಿ.

ಈಗ ಈ ಹೆಸರಿನ ವಿಚಾರ. ಸಮಿತಿಯವರು "ಕೋರಲಿ, ಟೊರಾಂಟೊ" ಎಂದು ಬರೆಯಹೊರಟಿದ್ದರು. ನಾನು ಮೇಜು ಗುದ್ದಿ ಎದ್ದು ಬಂದೆ. ನೇರ ವಿನೆಟ್ ಮನೆಗೆ ಹೋದೆ. ಆಲೂಗಡ್ಡೆ ಸುಲಿಯುತ್ತಿದ್ದಳು. ಟೋಪಿ ಕೈಯಲ್ಲಿ ಹಿಡಿದು, ನನಗೆ ಹೆಂಡತಿ ಮಕ್ಕಳಿಲ್ಲ, ನಿನ್ನ ಅಡ್ಡಿಯಿಲ್ಲದಿದ್ದರೆ ಚಿತ್ರದ ಕೆಳಗೆ ನನ್ನ ಹೆಸರು ಸೇರಿಸಲೇ ಎಂದು ಕೇಳಿದೆ. ಅವಳು ತಲೆ ಎತ್ತದೆ ಹೇಳಿದಳು: "ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತೇನಯ್ಯಾ ನಿನಗೆ?"

ಅವಳು ಹೇಳಿದ್ದು ಚಿತ್ರದ ಬಗ್ಗೆ. ಚಿತ್ರದ ಬಗ್ಗೆಯೇ ಇರಬೇಕು. ಹಿಂದಿನ ಸಾಲಿನವರು ದಯವಿಟ್ಟು ನಗು ನಿಲ್ಲಿಸಬೇಕು.

ವಿನೆಟ್, ಬಾ, ಆ ಬಟ್ಟೆ ಸರಿಸು. ಎಲ್ಲರಿಗೂ ಕಾಣುತ್ತಿದೆಯೇ? "ಕೋರಲಿ ಲಾಕೀ ಹೆಕ್ಟರ್." ಅಕ್ಷರ ಸೊಟ್ಟಗಿವೆ, ಬರೆದವನು ನಾನೇ. ಕೋರಲಿ, ನಿನ್ನನ್ನು ಕೇಳದೆಯೇ ಬರೆದಿದ್ದೇನೆ. ಬಣ್ಣ ಇನ್ನೂ ಹಸಿಯಾಗಿದೆ, ಟರ್ಪೆಂಟೈನ್ ಬಾಟಲಿ ನನ್ನ ಜೇಬಿನಲ್ಲೇ ಇದೆ. ಬೇಡವೆಂದರೆ ಈಗಲೇ ಒರೆಸುತ್ತೇನೆ, ಬೇಸರವಿಲ್ಲ. ಬೇಸರವಿದೆ, ಆದರೂ ಒರೆಸುತ್ತೇನೆ.

ಫ್ಲೋರಾ, ಚಹಾ ಪಾತ್ರೆ ಕೆಳಗಿಡು. ಅವತ್ತು ಕೇಳಿದೆಯಲ್ಲ, ಇವತ್ತು ಇನ್ನೊಮ್ಮೆ ಕೇಳು. ಜೋರಾಗಿ ಕೇಳಮ್ಮ.

ಹಾ, ಕೇಳಿದಳು. ಕೋರಲಿ, ಈಗ ನೀನು ಹೇಳು.

...ಎಲ್ಲರಿಗೂ ಕೇಳಿಸಿತೇ? ನನಗೆ ಕೇಳಿಸಿತು. ಫಾದರ್, ಈ ಬಾಟಲಿ ಸ್ವಲ್ಪ ಹಿಡಿದುಕೊಳ್ಳಿ, ನನಗೆ ಕರವಸ್ತ್ರ ಬೇಕು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಬಾಗಿಲು ತೆರೆದ ವಿನೆಟ್‌ಗೂ, ನನ್ನ ಮಗಳಿಗೂ ಧನ್ಯವಾದ. ಎಲ್ಲರಿಗೂ ನಮಸ್ಕಾರ.